ನಮ್ಮ ಶಾಲೆಗೆ ಜೋಗತಿ ನೃತ್ಯದವರು ಬರುತ್ತಾರಂತೆ, ಮಕ್ಕಳನ್ನು ಕಳುಹಿಸುತ್ತೀರಾ?

ಮೂರನೇ ತರಗತಿಯ ತಾಯಿ, ಸಾಗರ ತಾಲೂಕು
ಸೋಮವಾರ, ರಾತ್ರಿ 9.20

ಇವತ್ತು ಮಗಳ ಡೈರಿಯಲ್ಲಿ ಒಂದು ಚೀಟಿ ಬಂದಿದೆ. ಶುಕ್ರವಾರ ಬಿಸಿಯೂಟದ ನಂತರ ಬಳ್ಳಾರಿ ಕಡೆಯ ತಂಡದಿಂದ ಜೋಗತಿ ನೃತ್ಯ, ಒಂದರಿಂದ ಏಳನೇ ತರಗತಿಯವರೆಗಿನ ಎಲ್ಲರಿಗೂ, ಇಷ್ಟವಿದ್ದವರು 20 ರೂಪಾಯಿ ಕೊಡಬಹುದು. ಅಷ್ಟೇ. ಜೋಗತಿಯರೆಂದರೆ ಯಲ್ಲಮ್ಮನ ಹೆಸರಿನಲ್ಲಿ ದೀಕ್ಷೆ ಪಡೆದವರು, ಹುಟ್ಟಿದಾಗ ಗಂಡೆನಿಸಿಕೊಂಡು ಹೆಣ್ಣಾಗಿ ಬದುಕುವವರು ಅವರಲ್ಲಿ ಅನೇಕರು. ಸಂಜೆ ಗೇಟಿನ ಬಳಿ ಕೊಡೆ ಹಿಡಿದು ನಿಂತವರೆಲ್ಲ ಇದನ್ನೇ ಮಾತನಾಡುತ್ತಿದ್ದರು. "ಅಂಥವರನ್ನೆಲ್ಲ ಶಾಲೆಯೊಳಗೆ ಬಿಡುವುದೇ?" ಎಂದು ಒಬ್ಬರು. "ಪದ್ಮಶ್ರೀ ಬಂದ ಕಲೆ ಅದು" ಎಂದು ಇನ್ನೊಬ್ಬರು.

ನನ್ನ ಮನಸ್ಸು ಎರಡೂ ಕಡೆ ಎಳೆಯುತ್ತಿದೆ. ತಾಳಗುಪ್ಪ ರೈಲಿನಲ್ಲಿ ಚಪ್ಪಾಳೆ ತಟ್ಟುತ್ತ ಯಾರಾದರೂ ಬಂದರೆ ಪರ್ಸು ಹುಡುಕುವ ನೆಪದಲ್ಲಿ ತಲೆ ತಗ್ಗಿಸುವವಳು ನಾನು. 2021ರಲ್ಲಿ ಮಂಜಮ್ಮ ಜೋಗತಿಯವರು ರಾಷ್ಟ್ರಪತಿಗಳಿಗೆ ಸೆರಗಿನಿಂದ ದೃಷ್ಟಿ ತೆಗೆದು ಪದ್ಮಶ್ರೀ ಪಡೆದ ವಿಡಿಯೋವನ್ನು ತವರುಮನೆಯ ಗುಂಪಿಗೆಲ್ಲ ಕಳುಹಿಸಿದವಳೂ ನಾನೇ. ಮಗಳಿಗೆ ಎಂಟು ವರ್ಷ. ಅವಳು ಮನೆಗೆ ಬಂದು ಕೇಳುವ ಮೊದಲ ಪ್ರಶ್ನೆ ಈಗಲೇ ನನ್ನ ಕಿವಿಗೆ ಬೀಳುತ್ತಿದೆ. ನೀವೆಲ್ಲ ಏನು ಮಾಡುತ್ತೀರಿ?

ತೋಟದ ಮನೆ
ಸೋಮವಾರ, ರಾತ್ರಿ 9.48

ಕಳುಹಿಸುವುದಿಲ್ಲ. ಜನಪದ ಕಲೆ ತೋರಿಸಬೇಕೆಂದಿದ್ದರೆ ನಮ್ಮಲ್ಲೇನು ಬರವೇ? ಡೊಳ್ಳು ಇದೆ. ದೀಪಾವಳಿಯ ರಾತ್ರಿ ದೀಪ ಹಿಡಿದು ಮನೆಮನೆಗೆ ಬರುವ ಅಂಟಿಗೆ ಪಂಟಿಗೆಯವರು ಇದ್ದಾರೆ, ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ. ಅವರನ್ನು ಕರೆದು ನಾಲ್ಕು ಕಾಸು ಕೊಡಿ. ಆರು ವರ್ಷದ ಮಗುವಿಗೆ ಗಂಡು ಹೆಣ್ಣಿನ ವಿಚಾರ ಯಾವಾಗ, ಹೇಗೆ ಹೇಳಬೇಕೆಂಬುದು ಮನೆಯವರಿಗೆ ಬಿಟ್ಟದ್ದು. ಡೈರಿಯ ಚೀಟಿಯಲ್ಲಿ ತೀರ್ಮಾನವಾಗುವ ಸಂಗತಿಯಲ್ಲ ಅದು.

ಇದನ್ನು ಬರೆಯಲು ತೋಟಕ್ಕೆ ಬೋರ್ಡೋ ದ್ರಾವಣ ಹೊಡೆದ ಕೈ ತೊಳೆದುಕೊಂಡು ಬಂದಿದ್ದೇನೆ. ಅಷ್ಟು ಸಿಟ್ಟು ಬಂದಿದೆ ಎಂದು ತಿಳಿಯಿರಿ.

ಚಿಕ್ಕಮೇಳದ ಹುಚ್ಚು
ಸೋಮವಾರ, ರಾತ್ರಿ 10.15

ತೋಟದ ಮನೆಯವರೇ, ಹೋದ ವಾರ ನಮ್ಮ ಮನೆಗೆ ಚಿಕ್ಕಮೇಳ, ಮಳೆಗಾಲದಲ್ಲಿ ಮನೆಮನೆಗೆ ಬರುವ ಯಕ್ಷಗಾನದ ಸಣ್ಣ ತಂಡ, ಬಂದಿತ್ತು. ಸಂಜೆ ಏಳೂವರೆ, ಹೊರಗೆ ಹನಿ ಕಡಿಯದ ಮಳೆ. ಅಮ್ಮ ಜಗಲಿಯಲ್ಲಿ ದೀಪ ಹಚ್ಚಿ, ತಟ್ಟೆಯಲ್ಲಿ ಅಕ್ಕಿ, ತೆಂಗಿನಕಾಯಿ, ವೀಳ್ಯದೆಲೆ ಇಟ್ಟರು. ಭಾಗವತರು ಕನ್ನಡಕ ಒರೆಸಿಕೊಂಡು ತಾಳ ಹಿಡಿದರು. ಸ್ತ್ರೀವೇಷದವರು ನೆನೆದ ಸೆರಗಿನ ಅಂಚು ಹಿಂಡಿ, ಗೆಜ್ಜೆ ಸರಿಮಾಡಿಕೊಂಡು ಕುಣಿಯತೊಡಗಿದರು. ನನ್ನ ಮಗನಿಗೆ ಐದು ವರ್ಷ. ಕಂಬ ತಬ್ಬಿಕೊಂಡು ಬಾಯಿ ತೆರೆದು ನೋಡಿದ. ಹೋಗುವಾಗ "ಆ ಅಮ್ಮನ ಸ್ವರ ಯಾಕೆ ಮಾವನ ಹಾಗಿದೆ?" ಎಂದು ಕೇಳಿದ. ಎಲ್ಲರೂ ನಕ್ಕೆವು, ವೇಷದವರೂ ನಕ್ಕರು.

ಮಂದಾರ್ತಿಯ ಐದೂ ಮೇಳಗಳ ಆಟ ನೋಡಿ ಬೆಳೆದ ಊರು ನಮ್ಮದು. ಮಂಟಪ ಪ್ರಭಾಕರ ಉಪಾಧ್ಯರು ಒಬ್ಬರೇ ನಿಂತು ಸ್ತ್ರೀವೇಷ ಕುಣಿದರೆ ಹೆಂಗಸರೇ ನಾಚಬೇಕು. ಸೀರೆಯುಟ್ಟವರ ಗಂಡು ದನಿಯನ್ನು ನಮ್ಮ ಮಕ್ಕಳು ಮೊದಲ ಬಾರಿಗೆ ಕೇಳುವುದೇನೂ ಈ ಶುಕ್ರವಾರವಲ್ಲ.

ತೋಟದ ಮನೆ
ಸೋಮವಾರ, ರಾತ್ರಿ 10.31

ಹೋಲಿಕೆ ಸರಿಯಿಲ್ಲ. ಆಟ ಮುಗಿದ ಮೇಲೆ ಸ್ತ್ರೀವೇಷದವರು ಚೌಕಿಗೆ ಹೋಗಿ ಬಣ್ಣ ತೆಗೆದು ಪಂಚೆ ಉಟ್ಟುಕೊಳ್ಳುತ್ತಾರೆ. ಬೆಳಿಗ್ಗೆ ಬಸ್ ನಿಲ್ದಾಣದಲ್ಲಿ ಚಹಾ ಕುಡಿಯುತ್ತಾ ನಿಂತಿರುತ್ತಾರೆ, ಮಗುವಿಗೆ ಅದೂ ಕಾಣುತ್ತದೆ. ಜೋಗತಿಯರಿಗೆ ಚೌಕಿ ಇಲ್ಲ. ವೇಷ ಬೇರೆ, ಬದುಕು ಬೇರೆ. ನಾನು ಅವರನ್ನು ಹೀನಾಯ ಮಾಡುತ್ತಿಲ್ಲ, ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಡಬೇಡಿ ಎನ್ನುತ್ತಿದ್ದೇನೆ.

ನಿವೃತ್ತ ಮೇಷ್ಟ್ರು, ಸೊರಬ
ಮಂಗಳವಾರ, ಬೆಳಿಗ್ಗೆ 6.40

ನನಗೂ ತಕರಾರಿದೆ. ಆದರೆ ತೋಟದ ಮನೆಯವರದ್ದಲ್ಲ.

ನಾನು ಕೆಲಸಕ್ಕೆ ಸೇರಿದ್ದು ಚಂದ್ರಗುತ್ತಿಯ ಹತ್ತಿರದ ಶಾಲೆಗೆ. ಅಲ್ಲಿನ ಗುಹೆಯಲ್ಲಿರುವ ರೇಣುಕಾಂಬೆಯೂ ಸವದತ್ತಿಯ ಯಲ್ಲಮ್ಮನೂ ಜನರ ಲೆಕ್ಕದಲ್ಲಿ ಒಬ್ಬಳೇ. ಮಗ ಪರಶುರಾಮ ಕೊಡಲಿ ಹಿಡಿದು ಅಟ್ಟಿಸಿಕೊಂಡು ಬಂದಾಗ ತಾಯಿ ಈ ಗುಹೆ ಹೊಕ್ಕಳು ಎಂಬುದು ನಮ್ಮ ಕಡೆಯ ಕಥೆ. ಜಾತ್ರೆಯಲ್ಲಿ ಹರಕೆ ಹೊತ್ತವರು ವರದಾ ನದಿಯಲ್ಲಿ ಮಿಂದು, ಮೈಮೇಲೆ ಬಟ್ಟೆಯಿಲ್ಲದೆ ಗುಡ್ಡ ಹತ್ತುತ್ತಿದ್ದರು. ಬೆತ್ತಲೆ ಸೇವೆ ಎಂದರೆ ಈಗಿನವರಿಗೆ ಪತ್ರಿಕೆಯಲ್ಲಿ ಓದಿದ ಪದ. 1986ರಲ್ಲಿ ತಡೆಯಲು ಹೋದ ಹೋರಾಟಗಾರರ ಮೇಲೆ, ಪೊಲೀಸರ ಮೇಲೆ ಜನ ಮುಗಿಬಿದ್ದರು. ಆಮೇಲೆ ಸರ್ಕಾರ ಅದನ್ನು ನಿಷೇಧಿಸಿತು. ಆ ವಾರ ನನ್ನ ತರಗತಿಯಲ್ಲಿ ಹಾಜರಿ ಕರೆದಾಗ ಉತ್ತರ ಬಾರದ ಹೆಸರುಗಳು ಇನ್ನೂ ನೆನಪಿವೆ.

ಹಾಗಾಗಿ ಯಲ್ಲಮ್ಮನ ಜೈಕಾರ "ಉಧೋ ಉಧೋ" ಕೇಳಿದರೆ ನನಗೆ ಕಲೆಯೊಂದೇ ನೆನಪಾಗುವುದಿಲ್ಲ, ಮುತ್ತು ಕಟ್ಟಿಸಿ ಹುಡುಗಿಯರನ್ನು ದೇವರಿಗೆ ಬಿಡುವುದೂ ನೆನಪಾಗುತ್ತದೆ. ಅದನ್ನು ನಿಷೇಧಿಸಿ ಕರ್ನಾಟಕದಲ್ಲಿ 1982ರಲ್ಲೇ ಕಾಯ್ದೆಯಾಗಿದೆ. ನಡೆ ನುಡಿಯಲ್ಲಿ ಹೆಣ್ಣುತನ ಕಂಡ ಹುಡುಗರನ್ನೂ "ಇವನನ್ನು ಅಮ್ಮ ಹಿಡಿದಿದ್ದಾಳೆ" ಎಂದು ದೀಕ್ಷೆ ಕೊಡಿಸಿ ಕೈ ತೊಳೆದುಕೊಂಡ ಮನೆಗಳು ಎಷ್ಟೋ. ಮಂಜಮ್ಮನವರೂ ಹಾಗೆ ಹುಲಿಗೆಯಲ್ಲಿ ದೀಕ್ಷೆ ಪಡೆದು ಮನೆಯಿಂದ ದೂರವಾದವರೇ. ಕಾಳವ್ವ ಜೋಗತಿಯವರ ಕೈಯಲ್ಲಿ ಕುಣಿತ ಕಲಿತು, 2019ರಲ್ಲಿ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. ಅದು ಅವರ ದೊಡ್ಡತನ. ಅವರನ್ನು ಬೀದಿಗೆ ತಂದ ಪದ್ಧತಿಗೆ ಅದರ ಪುಣ್ಯ ಸಲ್ಲಬಾರದು.

ಕುಣಿಯಲಿ, ಹಾಡಲಿ, ಚೌಡಿಕೆ ನುಡಿಸಲಿ. ಮಕ್ಕಳ ಹಣೆಗೆ ಭಂಡಾರ, ಅಂದರೆ ದೇವಿಯ ಅರಿಶಿನ, ಹಚ್ಚಬಾರದು. ಯಾರ ಮೈಮೇಲೂ ದೇವರು ಬರಬಾರದು. ಒಂದನೇ ತರಗತಿಯವರನ್ನು ಕೂರಿಸಿಕೊಂಡು ಮಗ ತಾಯಿಯ ತಲೆ ಕಡಿದ ಭಾಗ ಹೇಳಬಾರದು. ಆರು ಏಳನೇ ತರಗತಿಗೆ ಮಾತ್ರ ಬೇರೆಯಾಗಿ ಕೂರಿಸಿ, ಮುತ್ತು ಕಟ್ಟಿಸುವುದು ಅಪರಾಧ ಎಂದು ಟೀಚರೇ ಹೇಳಬೇಕು. ಇಷ್ಟಾದರೆ ನಾನೇ ಬಂದು ಮುಂದಿನ ಸಾಲಿನಲ್ಲಿ ಕೂರುತ್ತೇನೆ.

ಕಟ್ಟೆಯ ಮೇಲೆ ಕೂತವನು
ಮಂಗಳವಾರ, ಬೆಳಿಗ್ಗೆ 8.05

ಮೇಷ್ಟ್ರು ಬೆಳಗಿನ ಕಾಫಿಗೆ ಮೊದಲೇ ಒಂದು ಪಾಠ ಮುಗಿಸಿದ್ದಾರೆ.

ನನ್ನದೊಂದು ಸಣ್ಣ ಅನುಮಾನ. ಹೋದ ವರ್ಷ ಇದೇ ಶಾಲೆಗೆ ಗೋಣಿಚೀಲದಲ್ಲಿ ನಾಗರಹಾವು ತಂದವನೊಬ್ಬ ಬಂದಿದ್ದ. ಬಾಲ ಹಿಡಿದು ಎತ್ತಿ ತೋರಿಸಿ, ಆಮೇಲೆ ಕೇರೆಹಾವೊಂದನ್ನು ಐದನೇ ತರಗತಿಯ ಹುಡುಗನ ಕೊರಳಿಗೆ ಹಾಕಿ ಫೋಟೋ ತೆಗೆಸಿದ. ಮಗುವಿಗೆ ಒಂದಕ್ಕೆ 30 ರೂಪಾಯಿ. ಒಬ್ಬ ಪೋಷಕರೂ ಸೊಲ್ಲೆತ್ತಲಿಲ್ಲ, ಫೋಟೋಗೆ ಹೃದಯದ ಚಿತ್ರ ಒತ್ತಿದರು. 1972ರ ವನ್ಯಜೀವಿ ಕಾಯ್ದೆಯ ಹೆಸರನ್ನು ಯಾರೂ ಎತ್ತಲಿಲ್ಲ. ಹಾವಿನ ಬಗ್ಗೆ ಕೈ ಹಚ್ಚದೆ ಪಾಠ ಹೇಳಬಲ್ಲವರು ಬೇಕಿದ್ದರೆ ಆಗುಂಬೆಯಲ್ಲಿ 2005ರಿಂದ ಮಳೆಕಾಡು ಸಂಶೋಧನಾ ಕೇಂದ್ರವೇ ಇದೆ, ನಮಗೆ ಗೋಣಿಚೀಲವೇ ಆಗಬೇಕಿತ್ತು.

ಅದಕ್ಕೂ ಹಿಂದಿನ ವರ್ಷ ಸಮ್ಮೋಹನದವನು. ನಾಲ್ಕನೇ ತರಗತಿಯ ಹುಡುಗಿಯ ಕೈಗೆ ಈರುಳ್ಳಿ ಕೊಟ್ಟು ಸೇಬು ಎಂದು ತಿನ್ನಿಸಿದ. ಮಗು ಕಣ್ಣಲ್ಲಿ ನೀರು ಸುರಿಸುತ್ತಾ ತಿಂದಿತು, ಸಭೆಯೆಲ್ಲ ಘೊಳ್ಳೆಂದು ನಕ್ಕಿತು. ಇನ್ನು ವಾರ್ಷಿಕೋತ್ಸವದ ದಿನ ಒಂದನೇ ತರಗತಿಯವರಿಂದ ನಾವು ಕುಣಿಸುವ ಸಿನಿಮಾ ಹಾಡುಗಳ ಸಾಹಿತ್ಯವನ್ನು ಇಲ್ಲಿ ಬರೆದರೆ ನನ್ನನ್ನು ಈ ಗುಂಪಿನಿಂದ ತೆಗೆದುಹಾಕುತ್ತೀರಿ.

ಎರಡನೇ ತರಗತಿ, ಬೇಕರಿ ಮನೆ
ಮಂಗಳವಾರ, ಮಧ್ಯಾಹ್ನ 3.10

ಮೇಷ್ಟ್ರು ಭಂಡಾರದ ಮಾತು ತೆಗೆದದ್ದಕ್ಕೆ ಬರೆಯುತ್ತಿದ್ದೇನೆ. ಹಿಂದೊಮ್ಮೆ ಬೇರೆ ಯಾವುದೋ ಕಾರ್ಯಕ್ರಮದಲ್ಲಿ ಸಾಲಾಗಿ ನಿಂತ ಎಲ್ಲ ಮಕ್ಕಳಿಗೂ ಕುಂಕುಮ ಇಟ್ಟರಂತೆ. ನನ್ನ ಮಗ ಮನೆಗೆ ಬರುವ ಮೊದಲು ರಸ್ತೆಯ ಬದಿಯ ನಲ್ಲಿಯಲ್ಲಿ ಹಣೆ ತೊಳೆದುಕೊಂಡು, ಅಂಗಿಯ ಮುಂದೆಲ್ಲ ಒದ್ದೆ ಮಾಡಿಕೊಂಡು ಬಂದ. ಬೈಯುತ್ತೇನೆಂದು ಹೆದರಿದ್ದನಂತೆ. ನಾನು ಬೈಯುತ್ತಿರಲಿಲ್ಲ. ಆದರೆ ಆರು ವರ್ಷದವನು ದಾರಿಯುದ್ದಕ್ಕೂ ಅದನ್ನು ಯೋಚಿಸುತ್ತಾ ಬಂದನಲ್ಲ, ಅದು ನನಗೆ ತುಂಬ ದಿನ ಕೊರೆಯಿತು.

ಕುಣಿತಕ್ಕೆ ನನ್ನ ಅಡ್ಡಿಯಿಲ್ಲ, ಕಳುಹಿಸುತ್ತೇನೆ. ಅವರು ಯಾರು ಎಂಬುದಕ್ಕಿಂತ ಮಕ್ಕಳಿಂದ ಏನು ಮಾಡಿಸುತ್ತಾರೆ ಎಂಬುದನ್ನು ಮೊದಲೇ ತಿಳಿಸಿದರೆ ಸಾಕು.

ಎಸ್‌ಡಿಎಂಸಿಯಲ್ಲಿ ಇರುವವಳು
ಮಂಗಳವಾರ, ರಾತ್ರಿ 8.30

ಶಾಲಾ ಸಮಿತಿಯ ಪರವಾಗಿ ಎಲ್ಲರಿಗೂ ಒಟ್ಟಿಗೆ ಉತ್ತರ. ಸಭೆ ಕರೆಯದೆ ಚೀಟಿ ಹೋಗಿದ್ದು ತಪ್ಪು, ಅದರಲ್ಲಿ ನನ್ನ ಪಾಲೂ ಇದೆ. ಇಂದು ಮುಖ್ಯೋಪಾಧ್ಯಾಯಿನಿಯವರು ತಂಡದವರ ಜೊತೆ ಫೋನಿನಲ್ಲಿ ಮಾತನಾಡಿದರು, ಸ್ಪೀಕರ್ ಹಾಕಿದ್ದರು, ನಾನೂ ಕೇಳಿದೆ. ಐದು ಜನ ಬರುತ್ತಾರೆ. ಮುಕ್ಕಾಲು ಗಂಟೆಯ ಕಾರ್ಯಕ್ರಮ. ಮಳೆಗಾಲದಲ್ಲಿ ಅವರಿಗೆ ಜಾತ್ರೆಗಳಿಲ್ಲ, ಅದಕ್ಕೇ ಶಾಲೆಗಳಿಗೆ ಹೊರಟಿದ್ದಾರೆ. ಭಂಡಾರ ಹಚ್ಚುವುದಿಲ್ಲ. ನೆಲದ ಮೇಲಿನ ನೋಟನ್ನು ಬಾಯಿಯಲ್ಲಿ ಎತ್ತುವ ಭಾಗ ಬೇಡ ಎಂದೆವು, ಮಕ್ಕಳು ದುಡ್ಡು ಎಸೆಯುವುದನ್ನು ಕಲಿಯುತ್ತಾರೆ ಎಂದು. ಅದಕ್ಕೆ ಅವರು, ನಮಗೂ ಅದು ಇಷ್ಟವಿಲ್ಲ, ಕೇಳುವವರಿದ್ದಾರೆಂದು ಮಾಡುತ್ತೇವೆ ಎಂದರು. ಫೋನಿನ ಈ ಕಡೆ ಸ್ವಲ್ಪ ಹೊತ್ತು ಯಾರೂ ಮಾತನಾಡಲಿಲ್ಲ.

20 ರೂಪಾಯಿ ಸಂಗ್ರಹ ರದ್ದು. ಓಡಾಟದ ಖರ್ಚನ್ನು ಹಳೆಯ ವಿದ್ಯಾರ್ಥಿಗಳು ಕೊಡುತ್ತಾರೆ. ಮಗು ನೋಡುವುದು ಬೇಡ ಎನ್ನುವವರು ತಿಳಿಸಿ, ಕಂಪ್ಯೂಟರ್ ಕೋಣೆಯಲ್ಲಿ ಒಬ್ಬ ಟೀಚರ್ ಜೊತೆ ಕೂರಿಸುತ್ತೇವೆ.

ಕಟ್ಟೆಯ ಮೇಲೆ ಕೂತವನು
ಮಂಗಳವಾರ, ರಾತ್ರಿ 8.41

ಹಾವಿನವನಿಗೂ ಹೀಗೆ ಸ್ಪೀಕರ್ ಹಾಕಿದ್ದರೆ ಚೆನ್ನಾಗಿತ್ತು.

ಹೆಸರು ಬೇಡ
ಮಂಗಳವಾರ, ರಾತ್ರಿ 11.52

ತೋಟದ ಮನೆಯವರೇ, ಜೋಗತಿಯರಿಗೆ ಚೌಕಿ ಇಲ್ಲ ಎಂದಿರಿ. ನಿನ್ನೆಯಿಂದ ಆ ಮಾತು ತಲೆಯಲ್ಲೇ ಇದೆ. ಸರಿಯಾಗಿಯೇ ಹೇಳಿದಿರಿ.

ನಮ್ಮಮ್ಮನ ಎರಡನೆಯ ಮಗು ಓದಿದ್ದು ಇದೇ ಶಾಲೆಯಲ್ಲಿ. ಆರನೇ ತರಗತಿಯಲ್ಲಿ ಛದ್ಮವೇಷಕ್ಕೆ ಅಕ್ಕನ ಲಂಗ ಉಟ್ಟು ಎರಡನೇ ಬಹುಮಾನ ಬಂದಿತ್ತು, ಒಂದು ಸ್ಟೀಲ್ ತಟ್ಟೆ. ಮೇಷ್ಟ್ರುಗಳೆಲ್ಲ ಬೆನ್ನು ತಟ್ಟಿದ್ದರು. ಮಾರನೆಯ ದಿನವೂ ಆ ನಡಿಗೆ ಬದಲಾಗದಿದ್ದಾಗ ಅದೇ ಮೇಷ್ಟ್ರೊಬ್ಬರು ಬೆತ್ತ ತೆಗೆದರು. ಹದಿನೇಳಕ್ಕೆ ಮನೆ ಬಿಟ್ಟಾಯಿತು. ಈಗ ದೂರದ ಊರಿನಲ್ಲಿ ಕೆಲಸವಿದೆ, ಬಾಡಿಗೆ ಮನೆಯಿದೆ. ಸುಪ್ರೀಂ ಕೋರ್ಟ್ 2014ರಲ್ಲಿ ಇಂಥವರ ಗುರುತನ್ನು ಒಪ್ಪಿತು, 2021ರಿಂದ ನಮ್ಮ ರಾಜ್ಯದ ಸರ್ಕಾರಿ ನೌಕರಿಯಲ್ಲಿ ಶೇಕಡಾ 1 ಮೀಸಲಾತಿಯೂ ಇದೆ. ಅದೆಲ್ಲ ಫೋನಿನಲ್ಲಿ ಮಾತನಾಡುತ್ತೇವೆ. ಅಮ್ಮನ ವೈಕುಂಠಕ್ಕೆ ಮಾತ್ರ ರಾತ್ರಿ ಬಸ್ಸಿನಲ್ಲಿ ಬಂದು, ಹಿತ್ತಿಲ ಬಾಗಿಲಿನಿಂದ ಒಳಗೆ ಸೇರಿ, ಮಾರನೆಯ ದಿನ ಕತ್ತಲಾದ ಮೇಲೆ ಹಾಗೆಯೇ ಹೊರಟುಹೋಯಿತು ಆ ಜೀವ. ಊಟಕ್ಕೆ ಬಂದ ನೆಂಟರು ಜಗಲಿಯಲ್ಲಿದ್ದರು. ಅಡುಗೆಮನೆಯ ಮೂಲೆಯಲ್ಲಿ ಅದೇ ಸ್ಟೀಲ್ ತಟ್ಟೆಯಲ್ಲಿ ಬಡಿಸಿದೆ.

ಶುಕ್ರವಾರ ಹಾಡು ಕುಣಿತ ಹೇಗಿರುತ್ತದೋ ಗೊತ್ತಿಲ್ಲ. ಅಂಥವರೊಬ್ಬರಿಗೆ ಹಾಡಹಗಲಿನಲ್ಲಿ, ಆ ಶಾಲೆಯ ಅಂಗಳದಲ್ಲಿ, ಟೀಚರ್ ಒಬ್ಬರು ಕುರ್ಚಿ ಹಾಕಿ "ಕೂತುಕೊಳ್ಳಿ" ಎನ್ನುವುದನ್ನು ನಾನು ನೋಡಬೇಕು. ನನಗೆ ಅಲ್ಲಿ ಮಕ್ಕಳು ಯಾರೂ ಓದುತ್ತಿಲ್ಲ. ಆದರೂ ಬರುತ್ತೇನೆ.

ತೋಟದ ಮನೆ
ಬುಧವಾರ, ಬೆಳಿಗ್ಗೆ 7.15

ಓದಿದೆ. ಎರಡು ಸಲ ಓದಿದೆ. ಬೇಸರವಾಯಿತು. ಇಲ್ಲಿ ಸಮಾಧಾನದ ಮಾತು ಬರೆದರೆ ನಾಟಕವಾಗುತ್ತದೆ, ಬರೆಯುವುದಿಲ್ಲ.

ನನ್ನ ನಿಲುವು ಹಾಗೆಯೇ ಇದೆ. ದೊಡ್ಡ ತರಗತಿಗಳಿಗೆ ಆಗಲಿ, ಒಂದು ಎರಡಕ್ಕೆ ಬೇಡ. ನನ್ನ ಮಗ ಒಂದನೇ ತರಗತಿ, ಅವನನ್ನು ಕಂಪ್ಯೂಟರ್ ಕೋಣೆಯಲ್ಲಿ ಕೂರಿಸಿ. ಆದರೆ ನೋಡದೆ ಬೈದ ಎಂದಾಗಬಾರದು. ನಾನು ಬಂದು ನೋಡುತ್ತೇನೆ.

ಚಿಕ್ಕಮೇಳದ ಹುಚ್ಚು
ಬುಧವಾರ, ಬೆಳಿಗ್ಗೆ 9.00

ಹೆಗ್ಗೋಡಿನ ನೀನಾಸಂ 1985ರಿಂದ ತಿರುಗಾಟ ನಡೆಸುತ್ತಿದೆ. ಆ ನಾಟಕಗಳನ್ನು ಅಪ್ಪನ ಪಕ್ಕದಲ್ಲಿ ಕೂತು ನೋಡಿ ಬೆಳೆದೆ, ಅರ್ಧ ಅರ್ಥವಾಗುತ್ತಿರಲಿಲ್ಲ. ಅರ್ಥವಾಗದ ಭಾಗವನ್ನು ಮನೆಗೆ ಬರುವ ದಾರಿಯಲ್ಲಿ ಅಪ್ಪನ ಹತ್ತಿರ ಕೇಳುತ್ತಿದ್ದೆ. ಅಪ್ಪ ಕೆಲವಕ್ಕೆ ಉತ್ತರಿಸುತ್ತಿದ್ದರು, ಕೆಲವಕ್ಕೆ "ಟಾರ್ಚ್ ಸರಿಯಾಗಿ ಹಿಡಿ" ಎನ್ನುತ್ತಿದ್ದರು. ಮೂರನೇ ತರಗತಿಯ ತಾಯಿಯವರೇ, ನೀವೂ ಹಾಗೇ ಮಾಡಿ.

ಎಸ್‌ಡಿಎಂಸಿಯಲ್ಲಿ ಇರುವವಳು
ಗುರುವಾರ, ರಾತ್ರಿ 9.40

ಜಿಲ್ಲಾಧಿಕಾರಿಗಳ ಆದೇಶ ಬಂದಿದೆ, ನಾಳೆ ಮಳೆ ರಜೆ. ಕಾರ್ಯಕ್ರಮ ಸೋಮವಾರಕ್ಕೆ.

ಕಟ್ಟೆಯ ಮೇಲೆ ಕೂತವನು
ಗುರುವಾರ, ರಾತ್ರಿ 9.44

ಯಲ್ಲಮ್ಮನಿಗೂ ಈ ಚರ್ಚೆ ಓದಿ ಮುಗಿಸಲು ಸಮಯ ಬೇಕಾಗಿತ್ತೇನೋ.

ಮೂರನೇ ತರಗತಿಯ ತಾಯಿ, ಸಾಗರ ತಾಲೂಕು
ಸೋಮವಾರ, ರಾತ್ರಿ 8.50

ಹೋಗಿ ಬಂದೆ. ಬಾರದವರಿಗಾಗಿ ಬರೆಯುತ್ತೇನೆ.

ಮಳೆ ನಿಂತಿರಲಿಲ್ಲ. ಕರೆಂಟು ಇರಲಿಲ್ಲ. ಎರಡು ಕೋಣೆಗಳ ನಡುವಿನ ಮಡಚುವ ಬಾಗಿಲು ತೆಗೆದು, ಮಕ್ಕಳನ್ನು ಜಮಖಾನದ ಮೇಲೆ ಕೂರಿಸಿದ್ದರು. ಒದ್ದೆ ಸ್ವೆಟರು, ಕೊಡೆ, ಸಾಂಬಾರು ಎಲ್ಲದರ ವಾಸನೆ ಒಟ್ಟಿಗೆ. ಮೊದಲ ಹಾಡು ತಗಡಿನ ಮಾಡಿನ ಸದ್ದಿನಲ್ಲಿ ಕೊಚ್ಚಿಹೋಯಿತು. ಆಗ ಹಿರಿಯ ಕಲಾವಿದೆ ಹಾಡು ನಿಲ್ಲಿಸಿ, ಚೌಡಿಕೆಯನ್ನು ಎತ್ತಿ ಹಿಡಿದು ಮುಂದಿನ ಸಾಲಿನ ಹತ್ತಿರ ಬಂದರು. ಮರದ ಟೊಳ್ಳು, ಒಂದು ಬಾಯಿಗೆ ಚರ್ಮ, ಅದರ ನಡುವಿನಿಂದ ಹೊರಟ ಒಂದೇ ಒಂದು ತಂತಿ. ಕಂಕುಳಲ್ಲಿ ಒತ್ತಿ ತಂತಿಯನ್ನು ಬಿಗಿ ಮಾಡಿದರೆ ದನಿ ಏರುತ್ತದೆ, ಸಡಿಲಿಸಿದರೆ ಇಳಿಯುತ್ತದೆ. ಮಳೆಯ ಸದ್ದು ಜೋರಾದಾಗ ಅದಕ್ಕೆ ಉತ್ತರ ಕೊಡುವಂತೆ ಏರಿಸಿ ನುಡಿಸಿದರು. ಮಕ್ಕಳಿಗೆ ಆ ಆಟ ಹಿಡಿಸಿತು, ಮಳೆ ಕಡಿಮೆಯಾದರೆ "ಶ್" ಎನ್ನತೊಡಗಿದರು.

ಆಮೇಲೆ ಕೊಡ. ಬಟ್ಟೆಯ ಸಿಂಬಿ, ಮೇಲೆ ಹಿತ್ತಾಳೆ ಕೊಡ, ಸುತ್ತ ಬೇವಿನ ಸೊಪ್ಪು. ಕೈ ಮುಟ್ಟದೆ ಕುಣಿದರು, ಕೂತರು, ನೆಲಕ್ಕೆ ಮೈ ಚಾಚಿ ಹೊರಳಿ ಎದ್ದರು. ರೇಣುಕೆ ಹಾವನ್ನೇ ಸಿಂಬಿ ಮಾಡಿಕೊಂಡು, ಮರಳಿನ ಕೊಡದಲ್ಲಿ ನೀರು ತರುವವರೆಗೆ ಕಥೆ ಹೇಳಿ ಅಲ್ಲಿಗೆ ಬಿಟ್ಟರು. ಕೊಡಲಿ ಬರಲೇ ಇಲ್ಲ.

ನಾನು ಹೆದರಿದ್ದ ಪ್ರಶ್ನೆಯನ್ನು ಎರಡನೇ ತರಗತಿಯ ಪೋರನೊಬ್ಬ ಎದ್ದು ನಿಂತು ಕೇಳಿಯೇಬಿಟ್ಟ: "ನೀವು ಅಣ್ಣನೋ ಅಕ್ಕನೋ?" ಟೀಚರ್ ಮುಖ ಕೆಂಪಾಯಿತು. ಅವರು ಹಣೆಯ ಬೆವರು ಒರೆಸಿಕೊಂಡು, "ಹುಟ್ಟಿದಾಗ ಹುಡುಗ ಎಂದರು. ನನಗೆ ಹಾಗೆ ಅನ್ನಿಸಲಿಲ್ಲ. ಅಕ್ಕ ಎಂದರೆ ಖುಷಿ" ಎಂದರು. ಹುಡುಗ ಒಂದು ಕ್ಷಣ ಯೋಚಿಸಿ, "ಅಕ್ಕ, ಊಟದ ತಟ್ಟೆ ಇಟ್ಟುಕೊಂಡೂ ಕುಣಿಯುತ್ತೀರಾ?" ಎಂದ. ಮುಂದಿನ ಹತ್ತು ನಿಮಿಷ ಏನೇನನ್ನು ತಲೆಯ ಮೇಲೆ ಇಟ್ಟುಕೊಳ್ಳಬಹುದು ಎಂಬುದೇ ಚರ್ಚೆ.

ಹೆಸರು ಬೇಡ ಎಂದು ಬರೆದವರು ಬಂದಿದ್ದರೋ ಇಲ್ಲವೋ ನನಗೆ ತಿಳಿಯಲಿಲ್ಲ, ಹುಡುಕಲೂ ಇಲ್ಲ. ಕುರ್ಚಿ ಹಾಕಿದ್ದರು. ಐದು.

ನಿವೃತ್ತ ಮೇಷ್ಟ್ರು, ಸೊರಬ
ಸೋಮವಾರ, ರಾತ್ರಿ 9.30

ಮುಂದಿನ ಸಾಲಿನಲ್ಲೇ ಕೂತಿದ್ದೆ. ಕಥೆಯನ್ನು ಅಲ್ಲಿಗೆ ನಿಲ್ಲಿಸಿದ್ದು ಜಾಣತನ. ಆದರೆ ಆರು ಏಳನೇ ತರಗತಿಗೆ ಬೇರೆಯಾಗಿ ಹೇಳಬೇಕೆಂದ ಪಾಠ ನಡೆಯಲಿಲ್ಲ, ಬಸ್ಸಿನ ಹೊತ್ತಾಯಿತು ಎಂದರು. ಅದು ಬಾಕಿ. ನಾನು ಬುಧವಾರ ಬಂದು ಹೇಳುತ್ತೇನೆ, ಟೀಚರ್ ಒಪ್ಪಿದ್ದಾರೆ. ಕೊನೆಯಲ್ಲಿ ನಾಲ್ಕಾರು ಮಕ್ಕಳು ಹೋಗಿ ಅವರ ಕಾಲಿಗೆ ಬಿದ್ದರು. ಕಲಾವಿದರಿಗೆ ಬಿದ್ದರೋ ದೇವರಿಗೆ ಬಿದ್ದರೋ ಎಂದು ನನಗಿನ್ನೂ ಕಸಿವಿಸಿ.

ಎಸ್‌ಡಿಎಂಸಿಯಲ್ಲಿ ಇರುವವಳು
ಸೋಮವಾರ, ರಾತ್ರಿ 9.42

ಮುಂದಿನ ತಿಂಗಳಿಗೆ ಸಮ್ಮೋಹನದವರ ಪತ್ರ ಬಂದಿದೆ. ಈ ಸಲ ಚೀಟಿಗೆ ಮೊದಲು ಸಭೆ. ಶನಿವಾರ ಹನ್ನೊಂದಕ್ಕೆ, ಈರುಳ್ಳಿ ವಿಷಯ ನೆನಪಿದ್ದವರು ದಯವಿಟ್ಟು ಬನ್ನಿ.

ತೋಟದ ಮನೆ
ಸೋಮವಾರ, ರಾತ್ರಿ 10.20

ಹಿಂದೆ ಬಾಗಿಲ ಹತ್ತಿರ ನಿಂತು ಪೂರ್ತಿ ನೋಡಿದೆ. ತಪ್ಪು ಹುಡುಕಲೆಂದೇ ಹೋಗಿದ್ದೆ, ಹೇಳಿಕೊಳ್ಳುವಂಥದ್ದು ಸಿಗಲಿಲ್ಲ. ಮಗ ಇನ್ನೂ ಮೂವರ ಜೊತೆ ಕಂಪ್ಯೂಟರ್ ಕೋಣೆಯಲ್ಲಿದ್ದ. ಕರೆಂಟು ಇಲ್ಲದ್ದರಿಂದ ಕಂಪ್ಯೂಟರ್ ಕೂಡ ಇರಲಿಲ್ಲ, ಗೋಡೆಗೆ ಕಿವಿಯಿಟ್ಟು ಕೂತಿದ್ದರಂತೆ.

ಬೈಕಿನಲ್ಲಿ ಮನೆಗೆ ಬರುವವರೆಗೆ ಮಾತೇ ಆಡಲಿಲ್ಲ. ಈಗ ಮಲಗುವ ಮೊದಲು ಕೇಳುತ್ತಿದ್ದಾನೆ: "ಅಪ್ಪ, ನೀನೊಬ್ಬನೇ ನೋಡಿದೆಯಲ್ಲ. ಕೊಡ ಬಿತ್ತಾ?"